ಹಸಿರು, ಮೆರೂನು, ನಡುವೆ ನಾನು

ಮೊಮ್ಮಗಳ ಪ್ರೊಫೆಸರಿಗೆ ಅಜ್ಜಿಯರೆಂದರೆ ಭಾರೀ ತಾತ್ಸಾರ. "ನಿಮ್ಮಜ್ಜಿಗೂ ಅರ್ಥವಾಗುವ ಹಾಗೆ ಹೇಳಿ, ಆಮೇಲೆ ಥೀಸಿಸ್ ಸಬ್‌ಮಿಟ್ ಮಾಡುವ ಮಾತು" ಎಂದು ಅವಳನ್ನು ಸೆಮಿನಾರಿನಿಂದ ವಾಪಸು ಕಳಿಸಿದ್ದರು. ಕಾನ್ವೆಂಟಿನ ಸಿಸ್ಟರ್‌ಗಳ ಕೈಯಲ್ಲಿ ಕಲಿತು, ಫಿಸಿಕ್ಸ್‌ನಲ್ಲಿ ಬಿ.ಎಸ್ಸಿ. ಮುಗಿಸಿ, ಕುಂದಾಪುರಕ್ಕೆ ಸೊಸೆಯಾಗಿ ಬಂದು ಸಾರು ಕುದಿಸಿದ ನನ್ನಂಥ ಅಜ್ಜಿಯರೂ ಇರುತ್ತಾರೆಂದು ಪಾಪ, ಅವರಿಗೆ ಹೇಗೆ ಗೊತ್ತಾಗಬೇಕು?

ಮೊಮ್ಮಗಳ ರಿಸರ್ಚ್ ಇಷ್ಟು: ಅಯಸ್ಕಾಂತದೊಳಗಿನ ಪುಟಾಣಿ ಅಯಸ್ಕಾಂತಗಳಿಗೆ ಪಕ್ಕದವರ ಹಾಗೆಯೇ ಮುಖ ಮಾಡುವ ಆಸೆ. ಆದರೆ ಒಳಗಿನ ಕಲಬೆರಕೆ ಒಂದೊಂದನ್ನೂ ತುಸುವೇ ತುಸು ತನಗೆ ತೋಚಿದತ್ತ ಎಳೆಯುತ್ತದೆ. ಒಂದೇ ಗೆರೆಯಲ್ಲಿ ನಿಂತ ಉದ್ದ ಸಾಲಾದರೆ, ಎಳೆತ ಎಷ್ಟೇ ದುರ್ಬಲವಾಗಿದ್ದರೂ ಸಾಲು ತುಂಡು ತುಂಡಾಗಿ ಬೇರೆ ಬೇರೆ ಕಡೆ ತಿರುಗುತ್ತದೆ. "ಪಕ್ಕದವರ ಹಿಡಿತ ಅಷ್ಟು ಗಟ್ಟಿ, ಮತ್ತೇಕೆ ಸೋಲುತ್ತದೆ?" ಎಂದು ಪ್ರೊಫೆಸರು ಕೇಳಿದರೆ ಇವಳು ಬೋರ್ಡ್ ತುಂಬ ಈಕ್ವೇಶನ್ ಗೀಚಿದಳಂತೆ. ಇನ್ನೊಮ್ಮೆ ತಡವರಿಸಿದರೆ ಮತ್ತೊಂದು ವರ್ಷ ಹೋಯಿತು.

ಆ ಹೊತ್ತಿಗೆ ಅಣ್ಣನ ಮೊಮ್ಮಗನ ಮದುವೆ ಬಂತು. ಫ್ಯಾಮಿಲಿ ಫೋಟೋಗೆ ಹೆಂಗಸರೆಲ್ಲ ಒಂದೇ ಬಣ್ಣ ಉಡಬೇಕೆಂದಳು ಮದುಮಗನ ಅಮ್ಮ. "ಹಸ್ರಾ, ಮೆರೂನಾ, ನೀವ್ ನೀವೇ ಮಾತಾಡ್ಕಣಿ" ಎಂದು ತಾನು ಜಾರಿಕೊಂಡಳು. ನಮ್ಮವರ ಮನೆಗಳೋ ಬೈಂದೂರಿನಿಂದ ಬ್ರಹ್ಮಾವರದವರೆಗೆ ಹೈವೇಗೆ ಪೋಣಿಸಿದ ಹಾಗೆ, ನಟ್ಟನಡುವೆ ಕುಂದಾಪುರದಲ್ಲಿ ನನ್ನದು. ಒಬ್ಬೊಬ್ಬಳೂ ಕೇಳಿದ್ದು ತನ್ನ ಆಚೆ ಮನೆ ಈಚೆ ಮನೆಯವಳನ್ನು ಮಾತ್ರ. ಎಲ್ಲರ ಬಾಯಲ್ಲೂ "ನಂಗ್ ಯಾವ್ದಾರೂ ಅಡ್ಡಿಲ್ಲೆ." ಶುದ್ಧ ಸುಳ್ಳು. ಒಬ್ಬಳ ಹತ್ತಿರ ಹಸಿರು ಬ್ಲೌಸ್ ಹೊಲಿಸಿದ್ದಿತ್ತು, ಇನ್ನೊಬ್ಬಳಿಗೆ ಮೆರೂನು ಉಟ್ಟರೆ ಸ್ಲಿಮ್ ಕಾಣುತ್ತೇನೆಂಬ ಭ್ರಮೆ.

ಮುನ್ನಾ ದಿನ ಬೈಂದೂರಿನ ಅತ್ತಿಗೆಯ ಫೋನು: "ಹ್ವಾಯ್, ನಾವೆಲ್ಲ ಹಸ್ರ್, ಗೊತ್ತಿತ್ತಲೆ?" ಇಡುವಷ್ಟರಲ್ಲಿ ಬ್ರಹ್ಮಾವರದ ತಂಗಿ: "ಎಂತ ಹಸ್ರ್ ಅಕ್ಕ? ನಮ್ ಬದಿಯರೆಲ್ಲ ಮೆರೂನ್. ಅವ್ರಿಗ್ ಯಾರ್ ಹೇಳಿದ್?"

ಮದುವೆಯ ಬೆಳಿಗ್ಗೆ ಇಬ್ಬರೂ ದಂಡು ಸಮೇತ ನನ್ನ ಮನೆಗೆ ಕಾಫಿಗೆ ಬಂದರು. ಬೈಂದೂರಿನಲ್ಲಿ ಶಾಂತಿ, ಬ್ರಹ್ಮಾವರದಲ್ಲಿ ಶಾಂತಿ, ಯುದ್ಧ ಮಾತ್ರ ನನ್ನ ಚಾವಡಿಯಲ್ಲಿ. ನಾನು ಹಸಿರು ಸೀರೆಗೆ ಮೆರೂನು ಬ್ಲೌಸ್ ತೊಟ್ಟು ಎರಡೂ ಕಡೆಯ ಬೈಗುಳ ತಿಂದೆ.

ಮದುವೆಮನೆಯಲ್ಲೂ ನೋಟ್ಸ್ ಹಿಡಿದು ಕೂತಿದ್ದ ಮೊಮ್ಮಗಳನ್ನು, ಒಂದು ಬದಿ ಹಸಿರು ಇನ್ನೊಂದು ಬದಿ ಮೆರೂನು ನಿಂತಿದ್ದ ಫೋಟೋದ ಸಾಲಿನೆದುರು ಎಳೆದು ತಂದೆ.

"ಕಾಣ್ ಮಗಾ. ಒಬ್ಬಳದ್ದೇ ಚಪಲ ಆರೆ ಪಕ್ಕದ ಇಬ್ರು ಅದುಮಿ ಹಾಕ್ತ್ರ್. ಆದ್ರೆ ಸಾಲ್ ಉದ್ದ ಇದ್ರೆ ಎಲ್ಲೋ ಒಂದ್ ಬದಿ ಹಸ್ರಿನ ಆಸೆಯರೇ ಜಾಸ್ತಿ ಸೇರ್ತ್ರ್. ಸಣ್ ಸಣ್ ಆಸೆ ಕೂಡಿ ದೊಡ್ಡದಾತ್ತ್. ಜಗಳ ಮಾತ್ರ ಗಡಿಯಲ್ಲಿ. ತುಂಡ್ ಎಷ್ಟ್ ಉದ್ದ ಆರೂ ಗಡಿ ಜಗಳ ಮೊದಲಿನಷ್ಟೇ. ತುಂಡ್ ಆಪುದೇ ಲಾಭ ಅಲ್ದಾ?"

ಅವಳು ನೋಟ್ಸ್ ಮಡಚಿಟ್ಟಳು. "ಅಮ್ಮಮ್ಮ, ಪ್ರೊಫೆಸರ್ ಹತ್ರ ಹೀಂಗೇ ಹೇಳ್ಲಾ?"

"ಹೇಳ್. ಅವ್ರಿಗೂ ಅರ್ಥ ಆಪಂಗೆ ಹೇಳ್."

ಮುಂದಿನ ವಾರ ಫೋಟೋ ಸ್ಲೈಡ್ ಆಯಿತು, ನಾನು ಎರಡು ತುಂಡುಗಳ ನಡುವಿನ ಗಡಿ, ಅಂದರೆ 'ಡೊಮೈನ್ ವಾಲ್' ಆದೆ, ಥೀಸಿಸ್ ಸಬ್‌ಮಿಟ್ ಆಯಿತು. ಮೊನ್ನೆ ಬೈಂಡ್ ಮಾಡಿಸಿದ ಪ್ರತಿ ತಂದುಕೊಟ್ಟಳು. ಮೊದಲ ಪುಟದಲ್ಲಿ ಪ್ರೊಫೆಸರಿಗೆ ಅರ್ಧ ಪುಟ ಕೃತಜ್ಞತೆ, ಅವರ 'ಆಳವಾದ ಒಳನೋಟಗಳಿಗಾಗಿ'. ಕೊನೆಯಲ್ಲಿ ಒಂದು ಸಾಲು: ಅಜ್ಜಿಗೆ, ಅವರ ಆಶೀರ್ವಾದಕ್ಕಾಗಿ.

ಆಶೀರ್ವಾದವಂತೆ! ನಮ್ಮ ಫಿಸಿಕ್ಸ್ ಸಿಸ್ಟರ್ ಇದ್ದಿದ್ದರೆ ಕೆಂಪು ಇಂಕಿನಲ್ಲಿ ಅಡ್ಡಗೆರೆ ಎಳೆದು 'ಇನ್‌ಕರೆಕ್ಟ್' ಎಂದು ಬರೆಯುತ್ತಿದ್ದರು.