ಶೀಲಾಬಾಯಿ ಹುಡುಕಿದ ನೆರೆಯವ

ಶನಿವಾರ ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ಶೀಲಾಬಾಯಿ ಕಮಲಾಪುರಕ್ಕೆ ಹೋಗುವ ಬಸ್ಸಿನಲ್ಲಿ ಎಡಗಡೆಯ ಕಿಟಕಿಯ ಬಳಿ ಕುಳಿತು, ರಸ್ತೆ ಬದಿಯಲ್ಲಿ ಯಾರಾದರೂ ಬಿದ್ದಿದ್ದಾರೆಯೇ ಎಂದು ನೋಡುತ್ತಿದ್ದರು. ತೊಡೆಯ ಮೇಲಿನ ಚೀಲದಲ್ಲಿ ನಾಲ್ಕು ಸುರುಳಿ ಬ್ಯಾಂಡೇಜು, ಹತ್ತಿ, ಮುಲಾಮು, ಟಿಂಚರ್, ಒಂದು ಬೈಬಲ್ ಇದ್ದವು.

ಅವರು ಕಲಬುರಗಿಯಲ್ಲಿ ಮೂವತ್ತೊಂದು ವರ್ಷ ನರ್ಸ್ ಆಗಿದ್ದವರು. ಬೈಬಲನ್ನೂ ಡಾಕ್ಟರ ಚೀಟಿಯಂತೆ ಓದುತ್ತಿದ್ದರು: ಬರೆದದ್ದನ್ನು ಬರೆದಷ್ಟೇ ಪಾಲಿಸಬೇಕು. ನಿವೃತ್ತಿಯ ನಂತರ ಬ್ರಹ್ಮಪುರದ ಮನೆಯಲ್ಲಿ ಗುರುವಾರ ಗುರುವಾರ ಹೆಂಗಸರಿಗೆ ಪಾಠ ಹೇಳುತ್ತಿದ್ದರು. ಆ ವಾರದ ಪಾಠ, ನಿನ್ನ ನೆರೆಯವನನ್ನು ನಿನ್ನಂತೆಯೇ ಪ್ರೀತಿಸು.

“ಮತ್ತ ಪಕ್ಕದ ಮನಿ ಬೇಗಂ ಜೋಡಿ ಯಾಕ ಮಾತಾಡಂಗಿಲ್ರೀ ಅಕ್ಕಾರ?” ಎಂದು ಪಾಠಕ್ಕೆ ಬಂದು ಮುಂದೆ ಕುಳಿತಿದ್ದ ಮಲ್ಲಿಕಾ ಕೇಳಿದಳು.

ಇಕ್ಬಾಲ್ ಬೇಗಂ ಮೋಟರ್ ಬಂದ್ ಮಾಡಲು ಮರೆತು, ಟ್ಯಾಂಕಿನ ನೀರು ಉಕ್ಕಿ, ಶೀಲಾಬಾಯಿ ಒಣಹಾಕಿದ್ದ ಐದು ಕಿಲೋ ಮೆಣಸಿನಕಾಯಿ ತೊಯ್ದು ಏಳು ತಿಂಗಳಾಗಿತ್ತು.

“ಯೇಸುಸ್ವಾಮಿ ಹೇಳಿದ ಕಥಿ ಓದು. ಕಳ್ಳರು ಬಡಿದು ಹಾದ್ಯಾಗ ಕೆಡವಿದ್ರು, ಇಬ್ಬರು ದೊಡ್ಡ ಮಂದಿ ನೋಡಿಯೂ ದಾಟಿ ಹೋದ್ರು, ಬ್ಯಾರೆ ಜಾತ್ಯಾಂವ ಬಂದು ಪಟ್ಟಿ ಕಟ್ಟಿದ. ನೆರೆಯವ ಅಂದ್ರ ಹಾದ್ಯಾಗ ಬಿದ್ದಾಂವ. ಬೇಗಂ ಎಲ್ಲಿ ಬಿದ್ದಾಳ? ಗಟ್ಟಿಮುಟ್ಟ ಅದಾಳ.”

“ಹಂಗಾರ ಬರೋ ಗುರುವಾರದೊಳಗ ಅಂಥಾ ಒಬ್ಬ ನೆರೆಯವನ್ನ ಹುಡುಕಿ ತೋರ್ಸ್ರೀ. ಇಲ್ಲಾಂದ್ರ ಪಾಠ ನಾ ಹೇಳ್ತೀನಿ.”

ಹೆಂಗಸರೆಲ್ಲ ನಕ್ಕರು. ಹಾಗಾಗಿ ಈ ಬಸ್ಸು.

ಮಹಾಗಾಂವ ಕ್ರಾಸಿನ ಬೇವಿನ ಮರದಡಿ ಒಬ್ಬ ಬಿದ್ದಿದ್ದ. ಶೀಲಾಬಾಯಿ ಬಸ್ಸು ನಿಲ್ಲಿಸಿ ಓಡಿದರು.

“ಎಲ್ಲಿ ನೋವದನೋ ಯಪ್ಪಾ?”

“ಚೊಲೋ ನಿದ್ದಿ ಕೆಡಿಸಿದ್ರಲ್ರೀ!” ಎಂದ ಆತ, ಅದೇ ಬಸ್ಸು ಹತ್ತಿ, ಅವರ ಕಿಟಕಿಯ ಸೀಟಿನಲ್ಲಿ ಕುಳಿತ.

ಕಮಲಾಪುರದಲ್ಲಿ ಇಳಿಯುವಾಗಲೂ ಶೀಲಾಬಾಯಿಯ ಕಣ್ಣು ರಸ್ತೆಯಾಚೆಗಿತ್ತು. ಮೆಟ್ಟಿಲು ತಪ್ಪಿತು. ಮೊಣಕಾಲು ಒಡೆದು ರಕ್ತ ಬಂತು. ಅವರದೇ ಚರ್ಚಿನ ಹಿರಿಯರೊಬ್ಬರು ನೋಡಿ, ಮದುವೆಗೆ ತಡವಾಯಿತೆಂದು ಕೈಮುಗಿದು ಮುಂದೆ ಹೋದರು. ಕೆಂಪು ಬಾಳೆಹಣ್ಣಿನ ಚೌಕಾಸಿ ಮಾಡುತ್ತಿದ್ದ ಹೆಂಗಸೊಬ್ಬರು ಹಣ್ಣು ಅಲ್ಲೇ ಬಿಟ್ಟು ಬಂದರು. ಇಕ್ಬಾಲ್ ಬೇಗಂ.

“ಅರೇ, ಶೀಲಾಬಾಯಿ! ಕದಲಬ್ಯಾಡ್ರಿ.” ಶೀಲಾಬಾಯಿಯ ಚೀಲದಿಂದಲೇ ಬ್ಯಾಂಡೇಜು ತೆಗೆದು ಸುತ್ತತೊಡಗಿದರು.

“ಗಂಟು ಗಾಯದ ಮ್ಯಾಲ ಹಾಕಬಾರದ್ರೀ. ಬಾಜೂಕ ಹಾಕ್ರಿ.”

“ಏಳು ತಿಂಗಳಾದ ಮ್ಯಾಲ ಬಾಯಿ ಬಿಟ್ರಿ, ಅದೂ ಬೈಯಾಕ?”

“ಬೈಗುಳ ಅಲ್ಲ, ಸೂಚನೆ.”

“ಆ ಮೆಣಸಿನಕಾಯಿದು ಮಾಫ್ ಮಾಡ್ರಿ.”

“ಮೊದ್ಲ ಗಂಟು ಬಿಚ್ರಿ. ಮಾಫ್ ಆಮ್ಯಾಲ.”

ಎರಡೂ ಆದವು. ಮರಳುವ ಬಸ್ಸಿನಲ್ಲಿ ಬೇಗಂ ಅವರ ಭುಜಕ್ಕೊರಗಿ ಶೀಲಾಬಾಯಿ ಆ ಕಥೆಯನ್ನು ಕೊನೆಯ ಸಾಲಿನವರೆಗೆ ಓದಿದರು. ಬಿದ್ದವನಿಗೆ ನೆರೆಯವನಾದವನು ಯಾರು ಎಂದು ಯೇಸು ಅಲ್ಲಿ ಕೇಳುತ್ತಾನೆ. ಉತ್ತರ, ಕರುಣೆ ತೋರಿಸಿದವನು; ಅಂದರೆ ಬಿದ್ದವನಲ್ಲ, ಪಟ್ಟಿ ಕಟ್ಟಿದವನು. ಡಾಕ್ಟರ ಚೀಟಿಯಲ್ಲಿ ರೋಗಿಯ ಹೆಸರನ್ನೇ ಶೀಲಾಬಾಯಿ ತಪ್ಪಾಗಿ ಓದಿದಂತಾಗಿತ್ತು.

ಗುರುವಾರ ಕೋಲೂರಿಕೊಂಡು ಬಂದು ಕುಳಿತು, ನಡೆದದ್ದನ್ನು ಒಂದೂ ಬಿಡದೆ ಹೇಳಿದರು. “ನಾ ಕಲಿಸಿದ್ದು ತಪ್ಪು. ಇನ್ನ ನೀನೇ ಪಾಠ ಹೇಳವ್ವ,” ಎಂದು ಪುಸ್ತಕವನ್ನು ಮಲ್ಲಿಕಾಳತ್ತ ಸರಿಸಿದರು.

ಮಲ್ಲಿಕಾ ಅದನ್ನು ಹಿಂದಕ್ಕೆ ಸರಿಸಿದಳು. “ನೀವೇ ಹೇಳ್ರಿ. ಆದ್ರ ಅಕ್ಕಾರ, ಕಮಲಾಪುರ ತನಾ ಹೋಗಿ ಹುಡುಕಿದ್ರಲ್ಲ, ಆ ನೆರೆಯಾಕಿ ಖರೇನ ಎಷ್ಟು ದೂರ ಇದ್ಲು?”

ಅಂದು ಬೆಳಿಗ್ಗೆಯೇ ಶೀಲಾಬಾಯಿ ಬಾಗಿಲಿಂದ ಬಾಗಿಲಿಗೆ ಟೇಪು ಹಿಡಿದು ಅಳೆದಿದ್ದರು.

“ಹನ್ನೊಂದೂವರೆ ಅಡಿ.”