ಕುಂಕುಮ ಹತ್ತಿದ ಪುಸ್ತಕ

ಹ್ಯೂಸ್ಟನ್ ಪಕ್ಕದ ಮಿಸೌರಿ ಸಿಟಿಯಲ್ಲಿ ಅಲಮೇಲು ಮನೆ ಯಾವುದು ಅಂತ ಕನ್ನಡದವರನ್ನು ಕೇಳಿ ನೋಡಿ, ತಲೆ ಕೆರೆದುಕೊಳ್ಳುತ್ತಾರೆ. ಪುಳಿಯೋಗರೆ ಆಂಟಿ ಅನ್ನಿ, ಬಾಗಿಲ ತನಕ ತಂದು ಬಿಡುತ್ತಾರೆ. ನಾಲ್ಕು ವರ್ಷ ಯುಗಾದಿ, ದೀಪಾವಳಿ, ಪಿಕ್ನಿಕ್ ಅಂತ ಆಕೆಯ ಪುಳಿಯೋಗರೆ ಚಪ್ಪರಿಸಿ ತಿಂದ ಜನಕ್ಕೆ ಆಕೆಗೊಂದು ಹೆಸರಿರಬಹುದು ಅಂತ ಹೊಳೆದೇ ಇರಲಿಲ್ಲ. ಅವರದ್ದೇನು ತಪ್ಪು ಬಿಡಿ, ಗಂಡ ಶ್ಯಾಮಸುಂದರ ಕೂಡ ಆಫೀಸಿನ ಪಾರ್ಟಿಯಲ್ಲಿ ‘ಮೈ ವೈಫ್’ ಅಂದು ಮುಂದಕ್ಕೆ ಹೋಗುತ್ತಿದ್ದರು.

ಇದೇ ಅಲಮೇಲು ಮೈಸೂರಿನ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಹನ್ನೊಂದು ವರ್ಷ ಇತಿಹಾಸ ಪಾಠ ಮಾಡಿದವರು. ಕೈಯಲ್ಲಿ ಚೀಟಿ ಇಲ್ಲ, ಮೈಕ್ ಇಲ್ಲ, ಕೊನೇ ಬೆಂಚಿನಲ್ಲಿ ತೂಕಡಿಸುವ ಹುಡುಗಿಯನ್ನೂ ಎಬ್ಬಿಸುವ ಗಂಟಲು. ಹ್ಯೂಸ್ಟನ್ನಿಗೆ ಬಂದ ಮೇಲೆ ವೀಸಾ ಕೆಲಸ ಮಾಡಲು ಬಿಡಲಿಲ್ಲ, ಗಂಟಲು ತಾನಾಗಿ ಅಡಗಿತು. ಅಂಗಡಿಯಲ್ಲಿ ಒಂದು ಮಾತು ಕೇಳಬೇಕಾದರೂ ಮಗಳು ಸುಪ್ರಜಾಳನ್ನು ಮುಂದೆ ದೂಡುತ್ತಿದ್ದರು. ಮನೆಯಲ್ಲೇ ಕೂತರೆ ತಲೆ ಕೆಡುತ್ತೆ ಅನ್ನಿಸಿ, ಹತ್ತಿರದ ಲೈಬ್ರರಿಯಲ್ಲಿ ಸಂಬಳವಿಲ್ಲದ ಕೆಲಸಕ್ಕೆ ಸೇರಿಕೊಂಡರು. ವಾಪಸು ಬಂದ ಪುಸ್ತಕ ಕಪಾಟಿಗೆ ಸೇರಿಸುವುದು, ಮೀಟಿಂಗ್ ರೂಮಿನಲ್ಲಿ ಕುರ್ಚಿ ಹಾಕುವುದು.

ಆ ರೂಮಿಗೆ ತಿಂಗಳ ನಾಲ್ಕನೇ ಶನಿವಾರ ಹನ್ನೆರಡು ಹದಿಮೂರು ಜನ ಕಪ್ಪು ಸಮುದಾಯದ ಹೆಂಗಸರು ಬರುತ್ತಿದ್ದರು. ಎಲ್ಲರ ಕುತ್ತಿಗೆಯಲ್ಲೂ ಎಲೆಹಸಿರು ಸ್ಕಾರ್ಫ್. ಎಲ್ಲರೂ ಒಂದೇ ಸೊರಾರಿಟಿಯವರು. ಸೊರಾರಿಟಿ ಅಂದರೆ ಕಾಲೇಜಿನಲ್ಲಿ ಸೇರುವ ಹೆಣ್ಣುಮಕ್ಕಳ ಸಂಘ. ಕಾಲೇಜು ಮುಗಿದು ನಲವತ್ತು ವರ್ಷವಾದರೂ ಬಿಟ್ಟು ಹೋಗುವ ಹಾಗಿಲ್ಲ, ಉಸಿರಿರುವ ತನಕ ಅಕ್ಕತಂಗಿಯರು. ಅವರದ್ದೊಂದು ಪದ್ಧತಿಯಿತ್ತು. ಪ್ರತಿ ತಿಂಗಳೂ ಒಬ್ಬರು ಎದ್ದು ನಿಂತು, ಕಪ್ಪು ಲೇಖಕಿಯೊಬ್ಬರ ಪುಸ್ತಕ ಹಿಡಿದು, ಇದನ್ನು ಯಾಕೆ ಓದಬೇಕು ಅಂತ ಉಳಿದವರಿಗೆ ಹೇಳಬೇಕು. ಹಾಗೆ ಹೇಳಿದವರು ಪುಸ್ತಕದ ಹಿಂದಿನ ರಟ್ಟಿನ ಒಳಗೆ ತಮ್ಮ ಹೆಸರು ಬರೆಯಬೇಕು. ಸುಮ್ಮನೆ ಓದಿದವರಿಗೆ ಅಲ್ಲಿ ಜಾಗವಿಲ್ಲ.

ಕುರ್ಚಿ ಹಾಕಿದ ಅಲಮೇಲು ಬಾಗಿಲ ಹತ್ತಿರ ನಿಂತು ಕೇಳುತ್ತಿದ್ದರು. ಮೂರನೇ ತಿಂಗಳು ವರ್ನೆಟಾ ಗೇನ್ಸ್ ಅನ್ನುವ ಎಪ್ಪತ್ತರ ಹೆಂಗಸು, ರಿಟೈರ್ ಆದ ಹೆಡ್‌ಮೇಡಂ, ಇನ್ನೊಂದು ಕುರ್ಚಿ ಎಳೆದು ಕೂರಿಸಿದರು. ಹೆಸರು ಕೇಳಿದರು. ಮೊದಲ ಸಲ ತಪ್ಪಾಯಿತು, ಎರಡನೇ ಸಲವೂ ತಪ್ಪಾಯಿತು. ಬಿಡದೆ ನಾಲ್ಕು ಸಲ ಹೇಳಿ ಸರಿಮಾಡಿಕೊಂಡರು. ಅಲಮೇಲುವಿಗೆ ಅವತ್ತು ಮನೆಗೆ ಬಂದು ಸ್ಟೌ ಮುಂದೆ ನಿಂತಾಗ ಅಳು ಬಂತು, ಸಂತೋಷಕ್ಕೆ.

ಒಂದು ವರ್ಷ ಕೇಳಿಸಿಕೊಂಡಿದ್ದಾಯಿತು. ಎರಡು ಸಾವಿರದ ನಾಲ್ಕರ ಸೆಪ್ಟೆಂಬರಿನಲ್ಲಿ ವರ್ನೆಟಾ ಒಂದು ಬಟ್ಟೆ ರಟ್ಟಿನ ಹಳೇ ಕಾದಂಬರಿ ಕೈಗಿಟ್ಟು, ಬರುವ ತಿಂಗಳು ನೀನು ಮಾತಾಡು ಅಂದರು. ಸೊರಾರಿಟಿಯ ಹೊರಗಿನವರಿಗೆ ಹೀಗೆ ಕರೆ ಬಂದಿದ್ದು ಅದೇ ಮೊದಲು. ಬಟ್ಟೆ ಒಗೆಯುವ ಹೆಂಗಸೊಬ್ಬಳು ಹಿತ್ತಲಲ್ಲಿ ಮಕ್ಕಳಿಗೆ ಶಾಲೆ ನಡೆಸುವ ಕಥೆ. ಈಗ ಎಲ್ಲೂ ಅಚ್ಚಿನಲ್ಲಿಲ್ಲ. ವರ್ನೆಟಾ ಅವರ ಅಮ್ಮನ ಪ್ರತಿ, ಹಿಂದೆ ಇಪ್ಪತ್ತಾರು ಹೆಸರು, ಮೊದಲನೆಯದು ಪುಸ್ತಕದ ಒಡತಿ ಅಂತ ಆ ಅಮ್ಮ ಬರೆದದ್ದು. ಕೊಡುವಾಗ ಒಂದೇ ಮಾತು ಹೇಳಿದ್ದರು: ಕೈ ತೊಳೆದು ಮುಟ್ಟು. ನಮ್ಮಮ್ಮ ಹೇಳಿದ ಹಾಗೇ ಇದೆಯಲ್ಲ ಅಂತ ಅಲಮೇಲು ಹಿಗ್ಗಿದರು.

ಅಕ್ಟೋಬರಿನಲ್ಲಿ ನವರಾತ್ರಿ ಬಂತು. ಗೊಂಬೆ ಕೂರಿಸಿದರು. ಸರಸ್ವತಿ ಪೂಜೆಯ ದಿನ ಅಪ್ಪನ ಪಾರಾಯಣದ ಪುಸ್ತಕ, ಮೈಸೂರಿನಿಂದ ತಂದ ಪಾಠದ ನೋಟ್ಸು, ಸುಪ್ರಜಾಳ ಗಣಿತ ಎಲ್ಲ ಜೋಡಿಸಿದರು. ಈ ಕಾದಂಬರಿಯನ್ನು ಬಿಟ್ಟರೆ ಹೇಗೆ? ಈ ವರ್ಷ ಇದಕ್ಕಿಂತ ದೊಡ್ಡ ವಿದ್ಯೆ ತಮಗೆ ಯಾವುದಿದೆ? ಎಲ್ಲದರ ಮೇಲೆ ಅದನ್ನೇ ಇಟ್ಟು, ರೂಢಿಯಂತೆ ತೇಯ್ದ ಗಂಧದ ಬೊಟ್ಟಿಟ್ಟು, ಅದರ ಮೇಲೆ ಕುಂಕುಮ ಒತ್ತಿ, ನೀರು ತೊಟ್ಟಿಕ್ಕುವ ಹೂವಿಟ್ಟು ಕೈಮುಗಿದರು. ಪೂಜೆಗಿಟ್ಟ ಪುಸ್ತಕವನ್ನು ವಿಜಯದಶಮಿ ತನಕ ಮುಟ್ಟುವ ಹಾಗಿಲ್ಲ. ಶುಕ್ರವಾರ ಬೆಳಿಗ್ಗೆ ತೆಗೆದು ನೋಡಿದರು. ಬೂದು ಬಟ್ಟೆಯ ಮೇಲೆ ಅಂಗೈಯಗಲ ಕೆಂಪು. ಒದ್ದೆ ಬಟ್ಟೆಯಲ್ಲಿ ಒರೆಸಿದರು. ಇನ್ನಷ್ಟು ಹರಡಿತು. ಮೀಟಿಂಗ್ ಮರುದಿನವೇ.

ಶ್ಯಾಮಸುಂದರ ಕಂಪ್ಯೂಟರ್ ಮುಂದೆ ಕೂತು ಇನ್ನೊಂದು ಪ್ರತಿ ಹುಡುಕಿದರು, ಸಿಗಲಿಲ್ಲ. ಜ್ವರ ಅಂತ ಫೋನ್ ಮಾಡಿಬಿಡು ಅಂದರು. ಮೊದಲೇ ಹಾಗಿತ್ತು ಅನ್ನು ಅಂತ ಸುಪ್ರಜಾ ಇಂಗ್ಲಿಷಿನಲ್ಲಿ ಸಲಹೆ ಕೊಟ್ಟಳು. ಹೋಗದಿದ್ದರೆ ಆ ಕುರ್ಚಿ ಹೋಗುತ್ತೆ, ಹೋದರೂ ಬಹುಶಃ ಹೋಗುತ್ತೆ. ಇಡೀ ಊರಿನಲ್ಲಿ ತಮ್ಮ ಹೆಸರು ಹಿಡಿದು ಕರೆಯುವ ಜಾಗ ಅದೊಂದೇ. ಭಯವಾಯಿತು. ನಿಜವಾಗಿ ಭಯವಾಯಿತು.

ಶನಿವಾರ ರೂಮಿನ ಮಧ್ಯೆ ನಿಂತು, ಪುಸ್ತಕವನ್ನು ಕಲೆ ಕಾಣುವಂತೆ ಮೇಜಿನ ಮೇಲಿಟ್ಟು, ಬರೆದು ತಂದ ಚೀಟಿ ಮಡಚಿದರು.

“ಮಿಸ್ ವರ್ನೆಟಾ, ನಿಮ್ಮಮ್ಮನ ಪುಸ್ತಕ ನನ್ನ ಕೈಯಲ್ಲಿ ಹಾಳಾಯಿತು. ಪೂಜೆಗಿಟ್ಟಿದ್ದೆ.”

ವರ್ನೆಟಾ ಕನ್ನಡಕ ಹಾಕಿಕೊಂಡರು. ಮುಖ ಬಿಗಿದಿತ್ತು. ಪೂಜೆ ಅಂದರೆ ಏನು ಮಾಡುತ್ತೀರಿ ಅಂತ ಕೇಳಿದರು, ಹೆಡ್‌ಮೇಡಂ ದನಿಯಲ್ಲೇ. ಅಲಮೇಲು ಮುಚ್ಚುಮರೆಯಿಲ್ಲದೆ ಹೇಳಿದರು: ವರ್ಷಕ್ಕೊಮ್ಮೆ ನಾವು ಓದುವುದು ನಿಲ್ಲಿಸುತ್ತೇವೆ, ಪುಸ್ತಕವನ್ನು ದೇವರ ಮುಂದಲ್ಲ, ದೇವರಾಗಿಯೇ ಕೂರಿಸುತ್ತೇವೆ, ಮನೆಯವರೆಲ್ಲ ಅದಕ್ಕೆ ನಮಸ್ಕಾರ ಮಾಡುತ್ತೇವೆ.

“ನಮಸ್ಕಾರ ಅಂದರೆ? ತಲೆ ಬಾಗಿಸಿ?”

“ಹಣೆ ನೆಲಕ್ಕೆ ಮುಟ್ಟಿಸಿ. ಎಲ್ಲ ಪುಸ್ತಕದ ಮೇಲೆ ಇದೇ ಇತ್ತು.”

ವರ್ನೆಟಾ ಕಲೆಯ ಮೇಲೆ ಬೆರಳಿಟ್ಟರು. ಆಮೇಲೆ ಮೆಲ್ಲಗೆ ಹೇಳಿದ್ದು ಇಷ್ಟು: ನಮ್ಮಮ್ಮ ತನ್ನೂರಿನ ಲೈಬ್ರರಿಯ ನೆಲ ಒರೆಸುತ್ತಿದ್ದಳು, ಆದರೆ ಅಲ್ಲಿಂದ ಒಂದು ಪುಸ್ತಕ ಮನೆಗೆ ತರಲು ಆಗ ನಮ್ಮ ಕಪ್ಪು ಜನರನ್ನು ಬಿಡುತ್ತಿರಲಿಲ್ಲ. ಅವಳ ಸ್ವಂತದ್ದು ಅಂತ ಇದ್ದ ಪುಸ್ತಕ ಇದೊಂದೇ. ಇಷ್ಟು ಹೇಳಿ, ಕಣ್ಣೊರೆಸಿಕೊಂಡು, ಪೆನ್ನು ತೆಗೆದರು. ಅಲಮೇಲು ಕೈ ಚಾಚಿದರೆ ಕೊಡಲಿಲ್ಲ.

“ಮೊದಲು ಪುಸ್ತಕದ ಬಗ್ಗೆ ಮಾತಾಡು, ಅಲಮೇಲು. ಹೆಸರು ಆಮೇಲೆ.”

ಮಡಚಿದ ಚೀಟಿ ಮಡಚಿದ ಹಾಗೇ ಉಳಿಯಿತು. ಹದಿನೈದು ನಿಮಿಷದ ಮಾತು ಮುಕ್ಕಾಲು ಗಂಟೆಯಾಯಿತು. ಒಗೆಯುವ ಹೆಂಗಸಿನ ಹಿತ್ತಲಿನಿಂದ ಹೊರಟು ಮೈಸೂರಿನ ತಮ್ಮ ಅಜ್ಜಿಯ ತನಕ ಬಂದರು. ಆ ಅಜ್ಜಿಯೂ ಅಡುಗೆಮನೆಯಲ್ಲಿ ಕದ್ದು ಅಕ್ಷರ ಕಲಿತವರು. ಇಂಗ್ಲಿಷು ಅಲ್ಲಲ್ಲಿ ಎಡವಿತು, ಗಂಟಲು ಎಡವಲಿಲ್ಲ. ಲೈಬ್ರರಿಯವರು ಬಂದು ಸ್ವಲ್ಪ ಮೆತ್ತಗೆ ಮಾತಾಡಿ ಅಂತ ಹೇಳಿ ಹೋದರಂತೆ! ಇಪ್ಪತ್ತೇಳನೇ ಹೆಸರನ್ನು ಅಲಮೇಲು ಕನ್ನಡದಲ್ಲಿ ಬರೆದರು.

ಮರುವರ್ಷದ ಸರಸ್ವತಿ ಪೂಜೆಗೆ ವರ್ನೆಟಾ ಹಸಿರು ಸ್ಕಾರ್ಫ್ ಸುತ್ತಿಕೊಂಡು, ಅದೇ ಪುಸ್ತಕ ಎರಡೂ ಕೈಯಲ್ಲಿ ಹಿಡಿದು ಬಂದರು. ಅರಿಶಿನ ಕುಂಕುಮಕ್ಕೆ ಬಂದಿದ್ದ ಜಯದೇವಿ, ಧಾರವಾಡ ಕಡೆಯವರು, ಕನ್ನಡ ಸಂಘದ ಸೆಕ್ರೆಟರಿ, ಬಾಗಿಲಲ್ಲೇ ಸಿಕ್ಕಿ ಯಾರು ಬೇಕಿತ್ತು ಅಂತ ವಿಚಾರಿಸಿದರು. ಅಲಮೇಲು ಅಂದರು ವರ್ನೆಟಾ, ಒಂದಕ್ಷರವೂ ತಪ್ಪದೆ. ಯಾವ ಅಲಮೇಲು ಅಂತ ಕೇಳಿಬಿಟ್ಟರು ಜಯದೇವಿ. ವರ್ನೆಟಾ ಗೊಂಬೆಗಳ ಮುಂದೆ ನಿಂತಿದ್ದ ಪುಳಿಯೋಗರೆ ಆಂಟಿಯನ್ನು ತೋರಿಸಿದರು. ಜಯದೇವಿಯ ಮುಖ ಚಿಕ್ಕದಾಯಿತು. ಅಲಮೇಲು ಆ ಪುಸ್ತಕ ತೆಗೆದುಕೊಂಡು ಪೂಜೆಯ ಪುಸ್ತಕಗಳ ಮೇಲಿಟ್ಟ ಮೇಲೆ, ಬಾಗಿಲಲ್ಲಿ ನಿಲ್ಲಲಾರದೆ, ಆ ಕೆಂಪು ಕಲೆಯ ಹತ್ತಿರ ಹೋಗಿ ನೋಡಿದರು.

“ಅಲಮೇಲು ಅವರಽ, ಇದನ್ನ ನನಗೂ ಓದಲಿಕ್ಕೆ ಕೊಡ್ತೀರೇನ್ರಿ?”

ಅಲಮೇಲು ಅದನ್ನು ಇಂಗ್ಲಿಷಿನಲ್ಲಿ ವರ್ನೆಟಾಗೆ ಹೇಳಿದರು, ಅವರು ಆಗಲಿ ಅಂತ ತಲೆಯಾಡಿಸಿದರು.

“ಪೂಜೆಗಿಟ್ಟಿದೀನಿ, ಇವತ್ತಾಗಲ್ಲ. ವಿಜಯದಶಮಿ ಆದ್ಮೇಲೆ ಬನ್ನಿ, ಕೊಡ್ತೀನಿ. ಕೈ ತೊಳ್ಕೊಂಡು ಮುಟ್ಟಬೇಕು, ಓದಿದ್ಮೇಲೆ ಎದ್ದು ನಿಂತು ಮಾತಾಡಬೇಕು.”

ಜಯದೇವಿ ಒಪ್ಪಿಕೊಂಡರು.