ಬ್ರೇಕಕ್ಕ ಬಿಟ್ಟುಕೊಟ್ಟ ಸೀಟು

ನನ್ನ ತಂಗಿಯನ್ನು ಊರೆಲ್ಲ ಕರೆಯುವುದು ಬ್ರೇಕಕ್ಕ ಎಂದು. ಕಾರು ಕಲಿಸುವವಳು ಅವಳು. ಕಲಿಸುವ ಕಾರಿನಲ್ಲಿ ಪಕ್ಕದ ಸೀಟಿನ ಕೆಳಗೂ ಒಂದು ಬ್ರೇಕ್ ಇರುತ್ತದಲ್ಲ, ಆಯುಷ್ಯವೆಲ್ಲ ಅದರ ಮೇಲೆ ಕಾಲಿಟ್ಟೇ ಬದುಕಿದವಳು. ಊಟಕ್ಕೆ ಕೂತಾಗ ಯಾರಾದರೂ ಗಬಗಬ ತಿಂದರೆ ಮೇಜಿನಡಿ ಅವಳ ಬಲಗಾಲು ತಾನಾಗಿ ನೆಲ ಒತ್ತುತ್ತಿತ್ತು. ಅವಳ ಮದುವೆಯ ದಿನ ಕೂಡ... ಬೇಡ ಬಿಡಿ, ಅದನ್ನು ಹೇಳಿದರೆ ಅವಳ ಗಂಡ ಮುನಿಸಿಕೊಳ್ಳುತ್ತಾನೆ.

ಟೈರ್ ಅಂಗಡಿಯ ಮೇಲಿನ ಒಂದೇ ಕೋಣೆ ಅವಳ ಡ್ರೈವಿಂಗ್ ಸ್ಕೂಲು. ಒಂದು ಸಂಜೆ ಅಲ್ಲಿ ಲೈಟ್ ಹಾಕಬೇಕಾಗಲೇ ಇಲ್ಲ. ಬಂದವನು ಗ್ರೀಕರ ಸೂರ್ಯದೇವ ಹೀಲಿಯೋಸ್. ಆಗಷ್ಟೇ ಮುಳುಗಿ, ಕುದುರೆಗಳನ್ನು ಕಟ್ಟಿಹಾಕಿ ಬಂದಿದ್ದ. ಜೊತೆಗೆ ಕಿರಿಮಗಳು. ಪ್ಲಾಸ್ಟಿಕ್ ಕುರ್ಚಿ ಕರಗೀತೆಂದು ತಂಗಿ ಅವನಿಗೆ ಕಬ್ಬಿಣದ ಸ್ಟೂಲು ಎಳೆದುಕೊಟ್ಟಳು.

"ಇವ್ಳಿಗೆ ನನ್ನ ರಥ ಓಡಿಸ್ಬೇಕಂತೆ. ನಾಲ್ಕು ದಿನ ಕಾರು ಕಲ್ಸಿ, ಆಮೇಲೆ ನಿನ್ ಕೈಲಿ ಆಗಲ್ಲ ಅಂತ ಹೇಳ್ಬಿಡಿ."

"ಇವ್ಳ ಕೈಲಿ ಆದ್ರೆ?" ಎಂದಳು ತಂಗಿ.

"ಆದ್ರೂ ಆಗಲ್ಲ ಅನ್ನಿ."

"ಅಪ್ಪಾ, ನಾನಿಲ್ಲೇ ಕೂತಿದ್ದೀನಿ!" ಎಂದಳು ಹುಡುಗಿ.

ಪಾಪ, ಅವನದೂ ತಪ್ಪಲ್ಲ. ಅವನ ದೊಡ್ಡ ಮಗ ಹಿಂದೊಮ್ಮೆ ಹಟ ಹಿಡಿದು ರಥ ಒಯ್ದಿದ್ದ. ಕುದುರೆಗಳು ಹಿಡಿತ ತಪ್ಪಿದವು, ಹುಡುಗ ಆಕಾಶದಿಂದ ಬಿದ್ದು ಸತ್ತುಹೋದ. ಅಂದಿನಿಂದ ಈತ ಲಗಾಮನ್ನು ಯಾರ ಕೈಗೂ ಕೊಟ್ಟವನಲ್ಲ, ಒಂದು ದಿನ ರಜೆ ಹಾಕಿದವನೂ ಅಲ್ಲ.

ಕೇಳಿ ತಂಗಿಗೆ ಕಣ್ಣು ತುಂಬಿತು. ಮಾತು ಮಾತ್ರ ಬಗ್ಗಲಿಲ್ಲ. "ಬರೋವ್ರಿಗೆ ಬರಲ್ಲ ಅಂತ ನಾನು ಹೇಳಲ್ಲ ಸ್ವಾಮಿ. ಕಲಿಸ್ತೀನಿ, ನೀವೇ ನೋಡಿ."

ಹುಡುಗಿ ಬೇಗ ಕಲಿತಳು. ಕಾಟವೆಲ್ಲ ಹಿಂದಿನ ಸೀಟಿನ ಅಪ್ಪನದು. ಒದ್ದೆ ಟವೆಲಿನ ಮೇಲೆ ಕೂರಿಸಿದ್ದರೂ ಸೀಟು ಹೊಗೆಯಾಡುತ್ತಿತ್ತು. ನಾಯಿ ಅಡ್ಡ ಬಂದರೆ ಸಾಕು, "ಕುದುರೆ ಬೆದರುತ್ತೆ!" ಎಂದು ಕಿರುಚುತ್ತಿದ್ದ.

"ಅಪ್ಪಾ, ಇದ್ರಲ್ಲಿ ಕುದುರೆ ಇಲ್ಲ!"

ಕೊನೆಗೊಂದು ಸಂಜೆ ತಂಗಿ ಇಳಿದು ಹಿಂದಿನ ಬಾಗಿಲು ತೆಗೆದಳು. "ಬನ್ನಿ, ನನ್ ಸೀಟಲ್ಲಿ ಕೂತ್ಕೊಳ್ಳಿ."

ಆ ಸೀಟನ್ನು ಅವಳು ಯಾರಿಗೂ ಬಿಟ್ಟುಕೊಟ್ಟವಳಲ್ಲ. ಹಿಂದೆ ಕೂತರೆ ವಾಂತಿ ಬರುತ್ತದೆ ಕಣೇ ಎಂದು ಗೋಗರೆದರೂ ಒಡಹುಟ್ಟಿದ ನನಗೇ ಕೊಟ್ಟಿರಲಿಲ್ಲ!

"ಇದು ನಿಮ್ ಬ್ರೇಕು. ಕಾಲು ಇದ್ರ ಮೇಲಿರ್ಲಿ, ಕೈ ಮಡಿಲಲ್ಲಿರ್ಲಿ, ಬಾಯಿ ಮುಚ್ಚಿರ್ಲಿ."

ಅವನು ಬಗ್ಗಿ ಆ ಪೆಡಲನ್ನೇ ನೋಡಿದ. "ನನ್ನ ರಥದಲ್ಲಿ ಇಂಥದ್ದಿಲ್ಲ. ದೊಡ್ಡ ಮಗನ್ನ ಒಬ್ನನ್ನೇ ಕಳಿಸ್ಬಿಟ್ಟೆ," ಎಂದ ಮೆಲ್ಲಗೆ.

"ಅದಕ್ಕೇ ಇವ್ಳ ಜೊತೆ ಕೂತ್ಕೊಳ್ಳಿ."

ಕಾರು ಹೊರಟಿತು. ಕಾಗೆ ಹಾರಿದರೂ ಅವನು ಒತ್ತಿದ, ಎಲೆ ಉದುರಿದರೂ ಒತ್ತಿದ. ಹಿಂದೆ ಕೂತ ತಂಗಿಯ ಹಣೆ ಮುಂದಿನ ಸೀಟಿಗೆ ಬಡಿದು ಬಡಿದು ಊದಿಕೊಂಡಿತು. ಮಾರುಕಟ್ಟೆ ದಾಟಿ ಸೇತುವೆಯ ಇಳಿಜಾರಿಗೆ ಬಂದಾಗ ಮುಂದಿದ್ದ ಬಸ್ಸು ಗಕ್ಕನೆ ನಿಂತಿತು. ಕಾರೂ ನಿಂತಿತು, ಲೋಟದ ನೀರು ತುಳುಕದಷ್ಟು ಮೆತ್ತಗೆ. ಅವನು ಕೆಳಗೆ ನೋಡಿದರೆ, ಗಾಬರಿಯಲ್ಲಿ ಮೇಲೆತ್ತಿದ ಕಾಲು ಇನ್ನೂ ಗಾಳಿಯಲ್ಲೇ ಇತ್ತು.

"ನಾನು ಒತ್ತಲಿಲ್ಲ..."

"ಗೊತ್ತಪ್ಪಾ. ಒತ್ತಿದ್ದು ನಾನು."

"ಈಗ ಹೇಳಿ ಸ್ವಾಮಿ," ಎಂದಳು ಬ್ರೇಕಕ್ಕ ಹಣೆ ಸವರಿಕೊಳ್ಳುತ್ತ, "ಇವ್ಳ ಕೈಲಿ ಆಗಲ್ಲ ಅನ್ಲಾ?"

ಅವನು ಕಣ್ಣೊರೆಸಿಕೊಂಡ. ಕರ್ಚೀಫು ಸುಟ್ಟುಹೋಯಿತು.

ಟೈರ್ ಅಂಗಡಿಯವನೇ ರಥಕ್ಕೆ ಎರಡನೆಯ ಬ್ರೇಕ್ ಕೂರಿಸಿಕೊಟ್ಟ. ಮರುದಿನ ಬೆಳಿಗ್ಗೆ ನಾನು ತಂಗಿಯ ಮನೆಯಲ್ಲೇ ಇದ್ದೆ. ಅಡುಗೆಮನೆಯ ಗೋಡೆಯ ಮೇಲೆ ಬಿಸಿಲು ಚೂರು ಇಳಿಯಿತು, ನಿಂತಿತು. ಚೂರು ಇಳಿಯಿತು, ಮತ್ತೆ ನಿಂತಿತು. ಕೋಳಿ ಅರ್ಧ ಕೂಗಿ ಸುಮ್ಮನಾಯಿತು. ತಂಗಿ ಬಾಯಿಯ ಬ್ರಷ್ ಕೈಗೆ ತೆಗೆದುಕೊಂಡು ಅಂಗಳಕ್ಕೆ ಓಡಿ ಆಕಾಶದತ್ತ ಕೂಗಿದಳು.

"ಸ್ವಾಮೀ, ಕಾಲು ತೆಗೀರಿ! ಹುಡುಗಿ ಸರಿಯಾಗೇ ಓಡಿಸ್ತಾ ಇದ್ದಾಳೆ!"

ಸ್ವಲ್ಪ ಹೊತ್ತಿಗೆ ಬಿಸಿಲು ಗೋಡೆಯುದ್ದಕ್ಕೂ ಸಲೀಸಾಗಿ ಜಾರಿ ಬಂತು. ತಂಗಿ ಬಂದು ತಿಂಡಿಗೆ ಕೂತಳು. ನಾನು ಮೇಜಿನಡಿ ಇಣುಕಿ ನೋಡಿದೆ. ಕಾಲು ಮಡಚಿ, ಕುರ್ಚಿಯ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡಿದ್ದಳು.